ತವರಲ್ಲಿ ಗೆದ್ದ ದಿನ ಆಟಗಾರರಿಗೆ ಅಂಕ ಹಾಕುವ ನಮ್ಮ ಪದ್ಧತಿ

ಸೋತ ದಿನ ಅಂಕ ಹಾಕುವುದು ಸಲೀಸು. ಯಾರು ಎಲ್ಲಿ ಎಡವಿದ ಎಂಬುದು ಕಣ್ಣಲ್ಲೇ ಕುಂತಿರುತ್ತದೆ. ತವರು ಮೈದಾನದಲ್ಲಿ ಗೆದ್ದ ದಿನ ಲೆಕ್ಕ ಹಳಿ ತಪ್ಪುತ್ತದೆ. ಗೋಲು ಹೊಡೆದವನಿಗೆ ಒಂಬತ್ತೂವರೆ, ಉಳಿದವರಿಗೆಲ್ಲ ಎಂಟು, ಕೊನೆಯ ಹತ್ತು ನಿಮಿಷಕ್ಕೆ ಇಳಿದ ಹುಡುಗನಿಗೂ ಏಳು. ಆ ಹಾಳೆಯನ್ನು ಎರಡು ತಿಂಗಳು ಬಿಟ್ಟು ತೆಗೆದರೆ ಯಾರು ಆಡಿದರು, ಯಾರು ಬರೀ ಅಂಗಿ ತೊಟ್ಟು ಓಡಾಡಿದರು ಎಂದು ತಿಳಿಯುವುದಿಲ್ಲ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ತನ್ನ ತವರು ಕಂಠೀರವ ಕ್ರೀಡಾಂಗಣದಲ್ಲಿ ಆಡುವ ಪಂದ್ಯಗಳಿಗೆ ಕಲಬುರಗಿಯಲ್ಲಿ ಕುಂತು ನಾವು ಐದು ಮಂದಿ ಅಂಕ ಹಾಕುತ್ತೇವೆ. ಈ ಪದ್ಧತಿಯ ಅರ್ಧಕ್ಕರ್ಧ ನಿಯಮಗಳು ಇರುವುದೇ ಗೆದ್ದ ದಿನದ ಉಬ್ಬರ ಇಳಿಸುವುದಕ್ಕೆ.

ಮೊದಲು ಅಳತೆ. ಹತ್ತಕ್ಕೆ ಆರು ಎಂದರೆ ‘ತನ್ನ ಕೆಲಸ ಮಾಡಿದ’. ಶಾಲೆಯ ಲೆಕ್ಕದಲ್ಲಿ ಆರು ಅಂದರೆ ಅರವತ್ತು, ಫಸ್ಟ್ ಕ್ಲಾಸಿಗೆ ತೂಗಿ ನಿಂತದ್ದು. ಹೊಸಬರಿಗೆ ಇದೇ ಒಗ್ಗುವುದಿಲ್ಲ. ಚೆನ್ನಾಗಿ ಆಡಿದವನಿಗೆ ಬರೀ ಆರಾ ಎನ್ನುತ್ತಾರೆ. ಏಳು ಎಂದರೆ ಕೆಲಸ ಮಾಡಿ ಮೇಲೊಂದಿಷ್ಟು ಕೊಟ್ಟ. ಎಂಟು ಎಂದರೆ ಅವನಿಲ್ಲದಿದ್ದರೆ ಫಲಿತಾಂಶ ಬೇರೆ ಇರುತ್ತಿತ್ತು. ಐದು ಎಂದರೆ ಅರ್ಧ ಕೆಲಸ, ನಾಲ್ಕು ಎಂದರೆ ಅವನ ಕೆಲಸವನ್ನು ಪಕ್ಕದವನೂ ಹೊರಬೇಕಾಯಿತು. ಒಂಬತ್ತು ಇಡೀ ಸೀಸನ್‌ಗೆ ಒಂದೋ ಎರಡೋ. ಫ್ರಾನ್ಸಿನ ಲೆಕಿಪ್ ಪತ್ರಿಕೆ 10 ಕೊಡುವುದು ಎಷ್ಟು ಅಪರೂಪ ಎಂದರೆ, ಮೆಸ್ಸಿಗೆ ಅದು ಸಿಕ್ಕಿದ್ದು 2010ರಲ್ಲಿ ಆರ್ಸೆನಲ್‌ಗೆ ನಾಲ್ಕು ಗೋಲು ಹೊಡೆದಾಗ, ಮತ್ತೆ 2012ರಲ್ಲಿ ಲೆವರ್‌ಕೂಸನ್‌ಗೆ ಐದು ಗೋಲು ಹೊಡೆದಾಗ. ಒಂದು ಗೋಲಿಗೆ ಒಂಬತ್ತೂವರೆ ಬರೆಯಲು ಕೈ ಹೋದಾಗ ಇದನ್ನು ನೆನೆದರೆ ಸಾಕು. ಇನ್ನೊಂದು ಮಾತು: ಜರ್ಮನಿಯ ಕಿಕರ್ ಪತ್ರಿಕೆಯದು ತಲೆಕೆಳಗಾದ ಅಳತೆ. ಅಲ್ಲಿ 1 ಅತ್ಯುತ್ತಮ, 6 ಅತಿ ಕೆಟ್ಟದ್ದು. ಅಲ್ಲಿನ ಅಂಕವನ್ನು ಹಾಗೇ ಎತ್ತಿ ಇಲ್ಲಿಗೆ ಹೋಲಿಸಿದರೆ ಗೋಲ್‌ಮಾಲ್ ಆಗುತ್ತದೆ.

ಹಾಳೆ ಹೀಗೆ. ಎ4 ಕಾಗದ ಅಡ್ಡ ಹಿಡಿದು 16 ಸಾಲು: ಹನ್ನೊಂದು ಮಂದಿ, ಜೊತೆಗೆ ಬದಲಿಗೆ ಬರಬಹುದಾದ ಐವರು. ಪ್ರತಿ ಸಾಲಿಗೆ 15 ನಿಮಿಷಕ್ಕೊಂದರಂತೆ ಆರು ಮನೆ, ತುದಿಯಲ್ಲಿ ಅಗಲವಾದ ಒಂದು ಮನೆ ಕಾರಣ ಬರೆಯಲು. ಇಂಜುರಿ ಟೈಮ್ ಆಯಾ ಅರ್ಧದ ಕೊನೆ ಮನೆಗೇ ಸೇರುತ್ತದೆ. ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲು ತಂಡದ ಪಟ್ಟಿ ಬಂದ ಕೂಡಲೇ ಹೆಸರು ತುಂಬಿ, ಯಾರು ಯಾರನ್ನು ಹಿಂಬಾಲಿಸಬೇಕು ಎಂದು ಹಂಚಿಕೊಳ್ಳುತ್ತೇವೆ. ಐದು ಮಂದಿ, ತಲಾ ಇಬ್ಬರು, ಹತ್ತು ಆಟಗಾರರು ಮುಗಿದರು. ಗೋಲ್‌ಕೀಪರ್ ಎಲ್ಲರ ಪಾಲಿಗೆ. ಒಬ್ಬ ಹೊರಗೆ ಹೋದರೆ ಅವನ ಹಿಂದೆ ಇದ್ದವನೇ ಬದಲಿ ಬಂದವನನ್ನೂ ನೋಡುತ್ತಾನೆ. ಹಂಚುವಾಗ ಎಚ್ಚರ: ಒಬ್ಬನಿಗೆ ಅವನ ಮೆಚ್ಚಿನ ಆಟಗಾರನನ್ನು ಕೊಡಬಾರದು. ಎಡ ಬ್ಯಾಕ್ (ಹಿಂದೆ ಎಡಬದಿ ಕಾಯುವವನು) ಮತ್ತು ಬಲ ವಿಂಗರ್‌ನಂತೆ (ಮುಂದೆ ಬಲಬದಿಯಿಂದ ದಾಳಿ ಮಾಡುವವನು) ದೂರ ದೂರದವರನ್ನೂ ಒಬ್ಬನ ಪಾಲಿಗೆ ಹಾಕಬಾರದು, ಟಿವಿ ಪರದೆಯಲ್ಲಿ ಇಬ್ಬರೂ ಒಟ್ಟಿಗೆ ಕಾಣುವುದೇ ಕಡಿಮೆ.

ಮನೆಗಳಲ್ಲಿ ಬೀಳುವುದು ನಾಲ್ಕೇ ಗುರುತು. ಕೆಲಸ ಸುಸೂತ್ರ ನಡೆದಿದ್ದರೆ ಒಂದು ಚುಕ್ಕಿ. ಒಳ್ಳೆಯದಕ್ಕೆ ಕೂಡು ಗುರುತು, ತಪ್ಪಿಗೆ ಕಳೆ ಗುರುತು. ಪಂದ್ಯದ ದಿಕ್ಕು ಬದಲಿಸಿದ್ದು ಏನಾದರೂ ಇದ್ದರೆ ಗುರುತಿನ ಸುತ್ತ ಒಂದು ಸುತ್ತು, ಪಕ್ಕದಲ್ಲಿ ನಿಮಿಷ. ನಿಮಿಷ ಬರೆಯದ ಸುತ್ತಿಗೆ ಬೆಲೆ ಇಲ್ಲ. ಲೆಕ್ಕ ಆರರಿಂದ ಶುರು. ಸಾದಾ ಗುರುತಿಗೆ ಕಾಲು ಅಂಕ, ಸುತ್ತು ಹಾಕಿದ್ದಕ್ಕೆ ಒಂದು ಅಂಕ. ಸಾದಾ ಕೂಡು ಗುರುತುಗಳಿಂದ ಎಷ್ಟೇ ಬಂದರೂ ಒಂದಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಈ ಮಿತಿ ಇಲ್ಲದಿದ್ದರೆ ಹಿಂದೆ ನಿಂತು ಅಡ್ಡಡ್ಡ ಪಾಸ್ ಕೊಟ್ಟುಕೊಂಡಿದ್ದವನೇ ಪ್ರತಿ ವಾರ ಮೊದಲಿಗ ಆಗುತ್ತಾನೆ.

ಎಡ ಬ್ಯಾಕ್‌ನ ಒಂದು ಮಾದರಿ ಸಾಲು ನೋಡಿ. ಮೊದಲ ಮನೆ: ಒಂದು ಕೂಡು, ಎದುರಿನ ವಿಂಗರ್‌ನನ್ನು ಎರಡು ಸಲ ಗೆರೆ ಕಡೆಗೇ ತಳ್ಳಿದ. ಎರಡನೆಯದು: ಚುಕ್ಕಿ. ಮೂರನೆಯದು: ಒಂದು ಕಳೆ, ಮುಂದೆ ಹೋದವನು ಹಿಂದಕ್ಕೆ ಬರಲಿಲ್ಲ, ನಡು ಕಾಯುವ ಸೆಂಟರ್ ಬ್ಯಾಕ್ ಜಾಗ ಬಿಟ್ಟು ಹೊರಗೆ ಬಂದು ಫೌಲ್ ಮಾಡಿ ಹಳದಿ ಕಾರ್ಡ್ ತಿಂದ. ನಾಲ್ಕನೆಯದು: ಎರಡು ಕೂಡು. ಐದನೆಯದು: 68ನೇ ನಿಮಿಷದಲ್ಲಿ ಬದಿಯಿಂದ ಗೋಲಿನ ಮುಂದಕ್ಕೆ ಒದ್ದ ಕ್ರಾಸ್ ಗೋಲಾಯಿತು, ಸುತ್ತಿನ ಕೂಡು. ಕೊನೆಯದು: ಎರಡು ಕಳೆ, ಕಾಲು ಸೋತಿವೆ, ಎರಡು ಸಲ ಆಳು ತಪ್ಪಿಸಿಕೊಂಡ. ಸಾದಾ ಗುರುತು ಮೂರಕ್ಕೆ ಮೂರು ವಜಾ. ಸುತ್ತಿನ ಒಂದು ಸೇರಿ 7. ಹಾಳೆ ಇಲ್ಲದೆ ಕೇಳಿದ್ದರೆ ಇದೇ ಆಟಕ್ಕೆ ಎಲ್ಲರೂ ಎಂಟೂವರೆ ಎನ್ನುತ್ತಿದ್ದರು, ಏಕೆಂದರೆ ನೆನಪಿನಲ್ಲಿ ಉಳಿಯುವುದು ಆ ಕ್ರಾಸ್ ಒಂದೇ. ಸೆಂಟರ್ ಬ್ಯಾಕ್ ತಿಂದ ಹಳದಿ ಕಾರ್ಡ್‌ನ ಕಳೆ ಗುರುತು ಎಡ ಬ್ಯಾಕ್‌ನ ಸಾಲಿಗೆ ಹೋಗಿದೆ ಎಂಬುದನ್ನೂ ಗಮನಿಸಿ.

ಕೊನೆಯ ಸೀಟಿ ಊದಿದ ಮೇಲೆ ಹದಿನೈದು ನಿಮಿಷ ಮಾತಿಲ್ಲ. ಚಹಾ, ಮಿರ್ಚಿ ಭಜಿ ಎಲ್ಲ ಆಮೇಲೆ. ಪ್ರತಿಯೊಬ್ಬರೂ ಎಲ್ಲರಿಗೂ ಅಂಕ ಬರೆದು ಹಾಳೆ ಮಗುಚಿಡಬೇಕು. ಒಬ್ಬ ಬಾಯಿ ಬಿಟ್ಟು ‘ಎಂಟೂವರೆ’ ಅಂದರೆ ಮುಗಿಯಿತು, ಉಳಿದ ನಾಲ್ವರ ಅಂಕ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಅಂಕಿಅಂಶದ ಆ್ಯಪ್‌ಗಳನ್ನೂ ಆಗ ತೆಗೆಯುವುದಿಲ್ಲ. ಹೂಸ್ಕೋರ್ಡ್‌ನಂಥವು ಪ್ರತಿ ಆಟಗಾರನನ್ನೂ 6ರಿಂದ ಶುರು ಮಾಡಿ ಚೆಂಡಿನ ಜೊತೆ ಆದದ್ದನ್ನು ಕೂಡಿ ಕಳೆದು ಅಂಕ ಕೊಡುತ್ತವೆ. ಚೆಂಡಿಲ್ಲದೆ ಓಡಿ ಬೇರೆಯವರಿಗೆ ಜಾಗ ಮಾಡಿಕೊಟ್ಟವನ ಓಟ ಅದರಲ್ಲಿ ಬರುವುದಿಲ್ಲ.

ಕೂಡಿಸುವಾಗ ಹಿಂಬಾಲಿಸಿದವನ ಅಂಕಕ್ಕೆ ಎರಡು ಪಾಲು, ಉಳಿದ ನಾಲ್ವರಿಗೆ ಒಂದೊಂದು, ಒಟ್ಟು ಆರು. ಅತಿ ಹೆಚ್ಚಿನದೊಂದು, ಅತಿ ಕಡಿಮೆಯದೊಂದು ತೆಗೆದು ಉಳಿದ ನಾಲ್ಕರ ಸರಾಸರಿ. ಮೇಲಿನ ಎಡ ಬ್ಯಾಕ್‌ಗೆ ಹಿಂಬಾಲಿಸಿದವನದು 7, 7. ಉಳಿದವರದು 8, 8, 7.5, 6.5 ಎಂದಿಟ್ಟುಕೊಳ್ಳಿ. ಒಂದು 8, ಒಂದು 6.5 ತೆಗೆದರೆ ಉಳಿದದ್ದು 29.5, ನಾಲ್ಕರಿಂದ ಭಾಗಿಸಿದರೆ 7.375. ಇಲ್ಲಿ ಗೆದ್ದ ದಿನದ ಮುಖ್ಯ ನಿಯಮ ಬರುತ್ತದೆ: ಗೆದ್ದರೆ ಕೆಳಗಿನ ಅರ್ಧ ಅಂಕಕ್ಕೆ ಇಳಿಸು, ಸೋತರೆ ಮೇಲಿನ ಅರ್ಧ ಅಂಕಕ್ಕೆ ಏರಿಸು. ಆದ್ದರಿಂದ 7. ಇದರ ಮೇಲೆ ಜಗಳ ಆಗದ ವಾರ ಇಲ್ಲ. ‘ಏ, ಗೆದ್ದೀವಲ್ಲೋ ತಮ್ಮಾ, ಏಳೂವರಿ ಕೊಟ್ರ ನಿಮ್ಮಪ್ಪನ ಗಂಟೇನ್ ಹೋಗ್ತದ?’ ಎಂದು ಹಿರಿಯರೊಬ್ಬರು ಪ್ರತಿ ಸಲ ಕೇಳುತ್ತಾರೆ. ನಿಯಮ ಮಾತ್ರ ಹಾಗೇ ಇದೆ.

ತವರಿನ ಗೆಲುವಿನಲ್ಲಿ ಅತಿ ಕಷ್ಟದ್ದು ಗೋಲ್‌ಕೀಪರ್‌ನ ಅಂಕ. ಎದುರಾಳಿ ಗುರಿಯತ್ತ ಒಂದೇ ಹೊಡೆತ ಹೊಡೆದಿದ್ದರೆ ‘ಗೋಲು ಬಿಡಲಿಲ್ಲ’ ಎಂದು ಎಂಟು ಕೊಡುವುದು ತಪ್ಪು, ‘ಏನೂ ಮಾಡಲಿಲ್ಲ’ ಎಂದು ಐದು ಕೊಡುವುದೂ ತಪ್ಪು. ಮೂರು ಸಂಗತಿ ನೋಡುತ್ತೇವೆ. ನಮ್ಮ ತಂಡ ಮುಂದೆ ಒತ್ತುವಾಗ ಅವನು ಪೆನಾಲ್ಟಿ ಪೆಟ್ಟಿಗೆಯ ಅಂಚಿಗೆ ಬಂದು ನಿಂತಿದ್ದನೇ, ಗೋಲ್ ಗೆರೆಗೆ ಅಂಟಿದ್ದನೇ? ಕ್ರಾಸ್ ಬಂದಾಗ ಹಿಡಿದನೇ, ಗುದ್ದಿದನೇ, ಗುದ್ದಿದ್ದು ಪೆಟ್ಟಿಗೆ ದಾಟಿತೇ? ಕೈಗೆ ಬಂದ ಚೆಂಡು ನಮ್ಮವರಿಗೆ ತಲುಪಿತೇ? ಮೂರೂ ಸರಿ ಇದ್ದರೆ ಆರೂವರೆ. ಅದಕ್ಕಿಂತ ಮೇಲಕ್ಕೆ ಹೋಗಲು ಸುತ್ತಿನ ಗುರುತು ಬೇಕೇ ಬೇಕು.

ಸ್ಟ್ರೈಕರ್‌ಗೆ ಉಲ್ಟಾ ತೊಂದರೆ. ಪೆನಾಲ್ಟಿ ಗೋಲಿಗೆ ನಾವು ಸುತ್ತು ಹಾಕುವುದಿಲ್ಲ, ಒಂದು ಸಾದಾ ಕೂಡು ಅಷ್ಟೇ. ಪೆನಾಲ್ಟಿಗಳಲ್ಲಿ ಹೆಚ್ಚೂಕಡಿಮೆ ನಾಲ್ಕಕ್ಕೆ ಮೂರು ಗೋಲಾಗುತ್ತವೆ. ಹೊಡೆದದ್ದಕ್ಕಿಂತ ಅದನ್ನು ಗಳಿಸಿಕೊಟ್ಟವನ ಓಟ ದೊಡ್ಡದು. ತಪ್ಪಿಸಿದರೆ ಮಾತ್ರ ಸುತ್ತಿನ ಕಳೆ. ಡಿಫೆಂಡರ್ ಗೋಲು ಹೊಡೆದ ದಿನವೂ ಹೀಗೆಯೇ ಜಾಗ್ರತೆ ಬೇಕು. 2018–19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಗೋವಾ ವಿರುದ್ಧ ಬೆಂಗಳೂರಿನ ಡಿಫೆಂಡರ್ ರಾಹುಲ್ ಭೆಕೆ ಹೆಚ್ಚುವರಿ ಸಮಯದ ಕೊನೆಗೆ ಕಾರ್ನರ್‌ಗೆ ತಲೆಯೊಡ್ಡಿ ಕಪ್ ಗೆಲ್ಲಿಸಿದರು. ಆ ತಲೆಗೆ ಸುತ್ತು ಖಂಡಿತ. ಆದರೆ ಡಿಫೆಂಡರ್‌ನ ಅಂಕ ನಿರ್ಧಾರ ಆಗಬೇಕಾದದ್ದು ಅದಕ್ಕೆ ಮೊದಲಿನ ನೂರಕ್ಕೂ ಹೆಚ್ಚು ನಿಮಿಷಗಳಲ್ಲಿ ಅವನ ಕಡೆಯಿಂದ ಎಷ್ಟು ಸಲ ದಾಳಿ ಬಂತು ಎಂಬುದರಿಂದ.

ಗೋಲು ಬಿಟ್ಟುಕೊಟ್ಟಾಗ ತಪ್ಪು ಯಾರ ತಲೆಗೆ? ಹೊಡೆದವನ ಹತ್ತಿರ ಕೊನೆಗೆ ಕಂಡವನನ್ನೇ ಎಲ್ಲರೂ ಬೈಯುತ್ತಾರೆ, ಆತ ಬಹಳ ಸಲ ಬೇರೆಯವನ ಜಾಗ ಮುಚ್ಚಲು ಓಡಿ ಬಂದವನು. ಮೂರು ಪಾಸ್ ಹಿಂದಕ್ಕೆ ಹೋಗಿ ಚೆಂಡು ಎಲ್ಲಿ ಕಳೆಯಿತು ನೋಡಬೇಕು. ಕಾರ್ನರ್ ಆದರೆ ಚೆಂಡಿಗೆ ಒದ್ದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ, ಗೋಲು ಹೊಡೆದವನ ಪಕ್ಕ ಆಗ ಯಾರಿದ್ದರು ನೋಡಬೇಕು. ಚೆಂಡು ತಲೆಗೆ ತಾಗಿದ ಕ್ಷಣದ ಚಿತ್ರ ಮೋಸ ಮಾಡುತ್ತದೆ.

ಹೊಸಬರು ಸೇರಿದರೆ ಅವರ ಮುಂದೆ ಇಡುವ ಪಂದ್ಯ 2016ರ ಅಕ್ಟೋಬರ್ 19ರದು. ಕಂಠೀರವದಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್ (ಎರಡು ಪಂದ್ಯಗಳಲ್ಲಿ ಎರಡನೆಯದು), ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್. 11ನೇ ನಿಮಿಷಕ್ಕೇ ಜೊಹೊರ್‌ನ ಸಫಿಕ್ ರಹೀಂ ಗೋಲು ಹೊಡೆದರು. ಸುನಿಲ್ ಛೆಟ್ರಿ 41ನೇ ನಿಮಿಷದಲ್ಲಿ ಸಮ ಮಾಡಿ, ದ್ವಿತೀಯಾರ್ಧದಲ್ಲಿ ಪೆಟ್ಟಿಗೆ ಹೊರಗಿಂದ ಇನ್ನೊಂದು ಬಾರಿಸಿದರು. ಮೂರನೆಯದು ಡಿಫೆಂಡರ್ ಹುವಾನನ್ ಅವರದು. 3–1, ಭಾರತದ ಕ್ಲಬ್ಬೊಂದು ಮೊದಲ ಸಲ ಆ ಫೈನಲ್‌ಗೆ ಹೋಯಿತು. ಹೊಸಬರು ಛೆಟ್ರಿಗೆ ಒಂಬತ್ತು ಬರೆಯುತ್ತಾರೆ, ನಾವೂ ಬೇಡ ಎನ್ನುವುದಿಲ್ಲ. ಕೇಳುವ ಪ್ರಶ್ನೆ ಗೋಲ್‌ಕೀಪರ್ ಬಗ್ಗೆ. ಅಮರಿಂದರ್ ಸಿಂಗ್ ಅಂದು ಹಳದಿ ಕಾರ್ಡ್ ಪಡೆದು ಫೈನಲ್ ತಪ್ಪಿಸಿಕೊಂಡರು, ದೋಹಾದಲ್ಲಿ ಲಾಲ್‌ತುವಾಮಾವಿಯಾ ರಾಲ್ಟೆ ಆಡಿದರು, ತಂಡ 0–1ರಿಂದ ಸೋತಿತು. ಸೆಮಿಫೈನಲ್ ಅಂಕದಲ್ಲಿ ಆ ಕಾರ್ಡ್‌ಗೆ ಎಷ್ಟು ಕಳೆಯಬೇಕು? ನಮ್ಮ ಉತ್ತರ ಕಾಲು ಮಾತ್ರ. ಮುಂದಿನ ಪಂದ್ಯದಲ್ಲಿ ಆಗುವುದನ್ನು ಈ ಹಾಳೆಗೆ ತಂದರೆ ಹಾಳೆ ಮುಗಿಯುವುದೇ ಇಲ್ಲ. ಎರಡನೇ ಪ್ರಶ್ನೆ: ಇದನ್ನು ಹೈಲೈಟ್ಸ್ ನೋಡಿ ಹಾಕಿದಿರಾ? ಹೌದು ಎಂದರೆ ಎಲ್ಲ ಅಂಕ ರದ್ದು. ಹೈಲೈಟ್ಸ್‌ನಲ್ಲಿ ಹಿಂದಿನ ಸಾಲಿನ ಮುಂದೆ ನಿಂತು ದಾಳಿ ತಡೆಯುವ ಡಿಫೆನ್ಸಿವ್ ಮಿಡ್‌ಫೀಲ್ಡರ್ ಎಂಬ ಪ್ರಾಣಿಯೇ ಇರುವುದಿಲ್ಲ.

ಇನ್ನು ಅಡ್ಡ ಬರುವ ಪಂದ್ಯಗಳು. ಎದುರಾಳಿಗೆ ಕೆಂಪು ಕಾರ್ಡ್ ಬಿದ್ದ ನಿಮಿಷಕ್ಕೆ ಹಾಳೆಯ ಮೇಲಿಂದ ಕೆಳಗೆ ಉದ್ದ ಗೆರೆ ಎಳೆಯುತ್ತೇವೆ. ಗೆರೆಯ ಆಚೆಗಿನ ಸಾದಾ ಕೂಡು ಗುರುತಿಗೆ ಅರ್ಧ ಬೆಲೆ, ಕಳೆ ಗುರುತಿಗೆ ಪೂರ್ತಿ. 2023ರ ಮಾರ್ಚ್ 3ರಂಥ ಪಂದ್ಯಕ್ಕೆ ಬೇರೆಯೇ ತಲೆನೋವು. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಎದುರಾಳಿ ಸಜ್ಜಾಗುವ ಮೊದಲೇ ಛೆಟ್ರಿ ಥಟ್ಟನೆ ಫ್ರೀಕಿಕ್ ಹೊಡೆದು ಗೋಲು ಮಾಡಿದರು, ಅದನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು. ಅಂಥಲ್ಲಿ ಆಡಿದ 96 ನಿಮಿಷಕ್ಕಷ್ಟೇ ಅಂಕ, ಗಲಾಟೆಗೆ ಯಾರಿಗೂ ಕೂಡುವುದಿಲ್ಲ, ಕಳೆಯುವುದಿಲ್ಲ.

ಪರದೆಯ ತೊಂದರೆ ಬೇರೆ. ಮೊಬೈಲ್‌ನ ಪ್ರಸಾರ ಟಿವಿಗಿಂತ ಹಿಂದೆ ಓಡುತ್ತದೆ, ಸ್ಕೋರ್ ಸೂಚನೆ ಎರಡಕ್ಕಿಂತ ಮುಂದೆ ಬರುತ್ತದೆ. ಗೋಲು ಎಂದು ಮೊದಲೇ ಗೊತ್ತಾದವನ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ, ತನ್ನ ಆಟಗಾರನನ್ನು ಬಿಡುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ಪರದೆ, ಫೋನ್ ಮಗುಚಿ. ಕರೆಂಟ್ ಹೋದರೆ ಆ ಮನೆಗೆ ಅಡ್ಡಗೆರೆ, ಊಹೆಯಿಂದ ತುಂಬುವಂತಿಲ್ಲ. ಎರಡು ಮನೆಗೆ ಅಡ್ಡಗೆರೆ ಬಿದ್ದರೆ ಅಂದು ಅಂಕವೇ ಇಲ್ಲ. ಯಾರಾದರೂ ರಾತ್ರಿ ರೈಲು ಹತ್ತಿ ಕಂಠೀರವಕ್ಕೇ ಹೋಗಿದ್ದರೆ ಡಿಫೆನ್ಸಿವ್ ಮಿಡ್‌ಫೀಲ್ಡರ್ ಮತ್ತು ಸೆಂಟರ್ ಬ್ಯಾಕ್ ಅವರ ಪಾಲಿಗೆ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಅಲ್ಲಿ ಮುಖ ಹತ್ತಿರ ಕಾಣುವುದಿಲ್ಲ. ಆದರೆ ಚೆಂಡು ಆ ತುದಿಯಲ್ಲಿದ್ದಾಗ ಹಿಂದಿನ ಸಾಲು ಎಷ್ಟು ಮುಂದೆ ಬಂದು ನಿಂತಿದೆ ಎಂದು ಟಿವಿ ತೋರಿಸುವುದಿಲ್ಲ, ಗ್ಯಾಲರಿ ತೋರಿಸುತ್ತದೆ.

ನಮ್ಮೂರ ಮೈದಾನದ ಪಂದ್ಯಕ್ಕೂ ಇದೇ ಹಾಳೆ ನಡೆಯುತ್ತದೆ, ಮನೆ ಮಾತ್ರ ಹತ್ತು ನಿಮಿಷಕ್ಕೊಂದು, ಏಕೆಂದರೆ ಅರ್ಧ ಬಹಳ ಸಲ 30 ನಿಮಿಷದ್ದೇ ಇರುತ್ತದೆ. ಒಣಗಿದ ಎರೆ ಮಣ್ಣು ಸಿಮೆಂಟಿನಂತೆ ಗಟ್ಟಿ, ಬಿರುಕಿನ ಅಂಚಿಗೆ ತಾಗಿದ ಚೆಂಡು ಎತ್ತ ಪುಟಿಯುತ್ತದೆ ಹೇಳಲಾಗದು. ಮೊದಲ ಟಚ್ ತಪ್ಪಿದ್ದಕ್ಕೆ ಕಳೆ ಹಾಕುವ ಮೊದಲು ಚೆಂಡು ನೆಲದಲ್ಲಿ ಉರುಳಿ ಬಂತೇ, ಪುಟಿದು ಬಂತೇ ನೋಡಬೇಕು. ಸಂಜೆ ಪಂದ್ಯದಲ್ಲಿ ಪಡುವಣ ಬಿಸಿಲಿಗೆ ಮುಖ ಮಾಡಿದ ಕೀಪರ್‌ಗೆ ಎತ್ತರದ ಚೆಂಡಿನ ತಪ್ಪಿಗೆ ಅರ್ಧ ಮಾಫಿ. ಶಾಲೆ ಹುಡುಗರಿದ್ದರೆ ಅಂಕ ಬರೆಯುವುದೇ ಇಲ್ಲ, ಕಾರಣದ ಮನೆಯಲ್ಲಿ ಒಂದು ಸಾಲು, ಅಷ್ಟೇ.

ಬದಲಿಗೆ ಬಂದವನು ಇಂಜುರಿ ಟೈಮ್ ಸೇರಿ 20 ನಿಮಿಷಕ್ಕಿಂತ ಕಡಿಮೆ ಆಡಿದ್ದರೆ ಅವನ ಮುಂದೆ ಅಡ್ಡಗೀಟು. ಸುತ್ತಿನ ಗುರುತು ಬಿದ್ದಿದ್ದರೆ ಮಾತ್ರ ಅಂಕ. ತಿದ್ದುಪಡಿಗೆ ಮಾರನೆ ದಿನ ಸಂಜೆವರೆಗೆ ಅವಕಾಶ, ಅದೂ ಪೂರ್ತಿ ಪಂದ್ಯ ಮತ್ತೆ ನೋಡಿದವನಿಗೆ, ನಿಮಿಷ ಹೇಳಿ, ಅರ್ಧ ಅಂಕದಷ್ಟು ಮಾತ್ರ. ತಿದ್ದಿದ್ದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಗೆದ್ದ ದಿನದ ಹಾಳೆಗಳಲ್ಲಿ ಆ ಕೆಂಪು ಅಂಕಿ ಹೆಚ್ಚಾಗಿ ಮೊದಲಿನದಕ್ಕಿಂತ ಕಡಿಮೆಯೇ ಇರುತ್ತದೆ.