ದೋಸೆ ಹಿಟ್ಟಿನ ನೋಟ್‌ಬುಕ್: ಮನೆಯಲ್ಲೇ ಕಲಿಯುವ ಮಕ್ಕಳನ್ನು ಅಡುಗೆಗೆ ಸೇರಿಸಿಕೊಳ್ಳುವ ಬಗೆ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕುಟುಂಬಗಳಲ್ಲಿ ಬೆಳಗಿನ ಹೊತ್ತು ಒಂದು ಎಳೆದಾಟ ಇದ್ದೇ ಇರುತ್ತದೆ. ಅಡುಗೆ ಮುಗಿಯುವ ತನಕ ಪಾಠ ಶುರುವಾಗುವುದಿಲ್ಲ, ಪಾಠಕ್ಕೆ ಕುಳಿತರೆ ಒಲೆಯ ಮೇಲಿನದು ತಳ ಹಿಡಿಯುತ್ತದೆ. ಅಡುಗೆಯನ್ನೇ ಪಾಠದ ಭಾಗವಾಗಿಸಿಕೊಂಡರೆ ಈ ತೊಂದರೆ ಅರ್ಧ ತೀರುತ್ತದೆ. ಆದರೆ ಭಾನುವಾರಕ್ಕೊಂದು ಹೊಸ ತಿಂಡಿ ಮಾಡಿಸಿ ಫೋಟೊ ತೆಗೆದಿಡುವುದರಿಂದ ಮಗು ಕಲಿಯುವುದು ಕಡಿಮೆ ಎಂಬುದು ನನ್ನ ಅನುಭವ. ಮನೆಮಂದಿಯೆಲ್ಲ ನಿಜವಾಗಿ ಉಣ್ಣುವ ಒಂದೇ ಒಂದು ಪದಾರ್ಥದ ಹೊಣೆಯನ್ನು ಎರಡು ಮೂರು ತಿಂಗಳು ಮಗುವಿಗೆ ಒಪ್ಪಿಸುವುದು ಮೇಲು. ನಮ್ಮಲ್ಲಿ ಎಂಟು ವರ್ಷದ ಮಗಳಿಗೆ ಒಪ್ಪಿಸಿದ್ದು ದೋಸೆ ಹಿಟ್ಟು.

ಮೊದಲ ಕೆಲಸ ಅಳತೆ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಎಂದು ಹೇಳಿ ಸುಮ್ಮನಾಗದೆ, ಪಾವು ಎಂದರೆ ಸೇರಿನ ಕಾಲುಭಾಗ ಎಂಬುದನ್ನು ಮನೆಯಲ್ಲಿರುವ ಹಳೆಯ ಅಳತೆಯಿಂದಲೇ ತೋರಿಸಬೇಕು. ಬಳಿಕ ಅದೇ ಪಾವಿನಲ್ಲಿ ಒಮ್ಮೆ ಅಕ್ಕಿಯನ್ನೂ ಒಮ್ಮೆ ಅವಲಕ್ಕಿಯನ್ನೂ ತುಂಬಿ ತಕ್ಕಡಿಯಲ್ಲಿಟ್ಟು ತೂಗಿಸಿದರೆ, ಅಳತೆ ಬೇರೆ ತೂಕ ಬೇರೆ ಎಂಬ ಮಾತನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ನೆಂಟರು ಬಂದ ದಿನ ಅಕ್ಕಿ ನಾಲ್ಕೂವರೆ ಪಾವಾದರೆ ಉದ್ದು ಎಷ್ಟು ಎಂಬ ಲೆಕ್ಕವನ್ನು ಮಗುವೇ ಮಾಡಲಿ. ಅದು ತಪ್ಪಿದರೂ ತಕ್ಷಣ ತಿದ್ದಬೇಡಿ, ಮರುದಿನದ ದೋಸೆ ಕಾವಲಿಯಿಂದ ಏಳದಿದ್ದಾಗ ನೋಟ್‌ಬುಕ್ಕನ್ನು ಒಟ್ಟಿಗೆ ತೆರೆದು ನೋಡಿ.

ನಾಲ್ಕೈದು ಗಂಟೆ ನೆನೆದದ್ದನ್ನು ರುಬ್ಬುವುದು ದೊಡ್ಡವರ ಕೆಲಸ. ಕಲಸುವುದು ಮಗುವಿನದು, ಅದೂ ಚೆನ್ನಾಗಿ ತೊಳೆದ ಬರಿಗೈಯಿಂದ. ಕಲಸಿದ ಹಿಟ್ಟಿನಲ್ಲಿ ಸ್ವಲ್ಪವನ್ನು ನೇರ ಗೋಡೆಯ ಗಾಜಿನ ಭರಣಿಯಲ್ಲಿ ಅರ್ಧದಷ್ಟು ಮಾತ್ರ ತುಂಬಿ, ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿಡಿ. ಮಲಗುವ ತನಕ ಎರಡೆರಡು ಗಂಟೆಗೊಮ್ಮೆ ಹಿಟ್ಟು ಎಷ್ಟು ಸೆಂಟಿಮೀಟರ್ ಏರಿದೆ ಎಂದು ಸ್ಕೇಲಿನಿಂದ ಅಳೆದು, ಬೆಳಿಗ್ಗೆ ಎದ್ದೊಡನೆ ಇನ್ನೊಮ್ಮೆ ಅಳೆದು, ಚೌಕುಳಿ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯಿಸಿ. ಧಾನ್ಯದಲ್ಲೇ ಇರುವ ಬ್ಯಾಕ್ಟೀರಿಯಾಗಳು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಟುಮಾಡುತ್ತವೆ, ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಡುತ್ತದೆ ಎಂಬ ವಿವರಣೆಗೆ ಗೆರೆ ಮೇಲೇರಿದ ಬಳಿಕವೇ ಬೆಲೆ. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗಾದರೂ ಹಿಟ್ಟು ಹುದುಗಿರುವುದಿಲ್ಲ. ಮೇ ತಿಂಗಳಲ್ಲಿ ಅದೇ ಹಿಟ್ಟು ನಮ್ಮ ಪಾತ್ರೆಯಿಂದ ಉಕ್ಕಿ, ಕಟ್ಟೆಯಿಂದ ಇಳಿದು, ಕೆಳಗಿದ್ದ ಈರುಳ್ಳಿ ಬುಟ್ಟಿಯನ್ನು ಸೇರಿತ್ತು. ಮಗಳು ಅದನ್ನು "ಅಳೆಯಲು ಆಗಲಿಲ್ಲ" ಎಂದು ಬರೆದಿಟ್ಟಿದ್ದಾಳೆ. ಉಪ್ಪನ್ನು ರಾತ್ರಿಯೇ ಹಾಕಬೇಕೋ ಬೆಳಿಗ್ಗೆ ಹಾಕಬೇಕೋ ಎಂಬ ಅತ್ತೆ ಸೊಸೆಯರ ವಾದವನ್ನು ಎರಡು ಭರಣಿ ಇಟ್ಟು ಮಗುವೇ ಪರೀಕ್ಷಿಸಬಹುದು.

ಆರು ವರ್ಷದೊಳಗಿನ ಮಕ್ಕಳಿಗೆ ಬೆಂಕಿಯೂ ಚಾಕುವೂ ಬೇಡ. ಕರಿಬೇವು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಕೋಸಂಬರಿಗೆ ನೆನೆದ ಹೆಸರುಬೇಳೆ ಬಸಿಯುವುದು ಅವರಿಗೆ ಸಾಕಷ್ಟು ಕೆಲಸ. ಅವರೆಯ ಕಾಲದಲ್ಲಂತೂ ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಹಿತುಕಿ ಬೇಳೆ ಚಿಮ್ಮಿಸುವುದಕ್ಕಿಂತ ಒಳ್ಳೆಯ ಬೆರಳಿನ ಕಸರತ್ತು ಯಾವ ಆಟಿಕೆಯಲ್ಲೂ ಸಿಗುವುದಿಲ್ಲ. ಅರ್ಧ ಕಾಳು ನೆಲಕ್ಕೆ ಬೀಳುತ್ತದೆ, ಅದಕ್ಕೆ ಸಿದ್ಧರಾಗಿರಬೇಕು.

ಕನ್ನಡ ಬರವಣಿಗೆಗೆ ಬೇರೆ ಪುಸ್ತಕ ಹುಡುಕಬೇಕಾಗಿಲ್ಲ. ಉಪ್ಪು, ಅಕ್ಕಿ, ಬೆಲ್ಲ, ಎಣ್ಣೆ, ತುಪ್ಪ, ಹಿಟ್ಟು, ಬೆಳ್ಳುಳ್ಳಿ ಎಂದು ಡಬ್ಬಿಗಳಿಗೆ ಚೀಟಿ ಬರೆದು ಅಂಟಿಸುವಷ್ಟರಲ್ಲಿ ಒತ್ತಕ್ಷರದ ಪಾಠ ಬಹುಪಾಲು ಮುಗಿದಿರುತ್ತದೆ. ದಿನಸಿ ಪಟ್ಟಿಯನ್ನೂ ಮಗುವೇ ಬರೆಯಲಿ. "ಬೇಳೆ" ಎಂದಷ್ಟೇ ಬರೆದರೆ ಅಂಗಡಿಯವರು ಯಾವ ಬೇಳೆ ಎಂದು ಕೇಳಿಯೇ ಕೇಳುತ್ತಾರೆ, ಮುಂದಿನ ವಾರದಿಂದ ತೊಗರಿ, ಕಡಲೆ, ಹೆಸರು ತಾವಾಗಿ ಬೇರೆಯಾಗುತ್ತವೆ.

ಒಲೆಯ ವಿಷಯದಲ್ಲಿ ಮಾತ್ರ ನಿಯಮ ಸಡಿಲಿಸಬಾರದು. ಎಂಟು ಒಂಬತ್ತರ ಮಗು ದೊಡ್ಡವರು ಪಕ್ಕದಲ್ಲಿದ್ದಾಗ, ಗಟ್ಟಿಯಾದ ಮಣೆಯ ಮೇಲೆ ನಿಂತು, ಸಡಿಲವಲ್ಲದ ಹತ್ತಿ ಬಟ್ಟೆ ತೊಟ್ಟು, ಕೂದಲು ಕಟ್ಟಿ ದೋಸೆ ಹುಯ್ಯಬಹುದು. ಕರಿಯುವುದು, ಕುಕ್ಕರ್ ತೆರೆಯುವುದು, ಈಳಿಗೆ ಮಣೆ ಇವು ಮೂರನ್ನೂ ಮುಂದಕ್ಕಿಡಿ. ಒಗ್ಗರಣೆಯ ಸಾಸಿವೆ ಏಕೆ ಸಿಡಿಯುತ್ತದೆ, ಅದರೊಳಗಿನ ತೇವ ಹೇಗೆ ಆವಿಯಾಗುತ್ತದೆ ಎಂಬುದನ್ನು ದೂರದಿಂದಲೇ ನೋಡಿ ಕಲಿಯಬಹುದು. ಕೈ ಸುಟ್ಟರೆ ತುಪ್ಪವನ್ನಾಗಲಿ ಟೂತ್‌ಪೇಸ್ಟನ್ನಾಗಲಿ ಹಚ್ಚದೆ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಬೇಕು.

ಹತ್ತು ದಾಟಿದ ಮಕ್ಕಳಿಗೆ ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಡಿಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ, ಮಂಗಳೂರಿನಲ್ಲಿ 100ರ ಹತ್ತಿರ. ರಜೆಗೆ ಕರಾವಳಿಗೆ ಹೋದಾಗ ಎರಡನ್ನೂ ಅಳೆದು ನೋಡಿದ ಮಗುವಿಗೆ, ಒಳಗಿನ ಒತ್ತಡದಿಂದ ಕುಕ್ಕರಿನ ನೀರು ಸುಮಾರು 120 ಡಿಗ್ರಿಯವರೆಗೆ ಏರುತ್ತದೆ, ಬೇಳೆ ಬೇಗ ಬೇಯುವುದು ಅದಕ್ಕೇ ಎಂಬುದು ಸುಲಭವಾಗಿ ತಲೆಗೆ ಹೋಗುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೇ ತರಗತಿಯ ವಿಷಯಗಳಲ್ಲಿ ಗೃಹವಿಜ್ಞಾನವೂ ಇರುವುದರಿಂದ, ಆ ಪರೀಕ್ಷೆ ಕಟ್ಟಿಸುವ ಯೋಚನೆ ಇದ್ದವರು ಈ ನೋಟ್‌ಬುಕ್ಕುಗಳನ್ನು ತಾರೀಖಿನ ಸಮೇತ ಜೋಪಾನ ಮಾಡಿಡಲಿ.

ಪಾತ್ರೆ ಬೆಳಗುವುದೂ ಕಟ್ಟೆ ಒರೆಸುವುದೂ ಅಡುಗೆಯೊಳಗಿನ ಕೆಲಸಗಳೇ, ಅವನ್ನು ಅಮ್ಮನಿಗೆ ಬಿಟ್ಟು ಮಗು ಏಳುವ ಹಾಗಿಲ್ಲ. ನಮ್ಮಲ್ಲಿ ಒಮ್ಮೆ ಅರಿಶಿನ ಮೆತ್ತಿದ್ದ ಒರೆಸುಬಟ್ಟೆಗೆ ಮಗಳು ಸೋಪು ಉಜ್ಜಿದಳು, ಹಳದಿ ಕಲೆ ಕೆಂಪಾಗಿ ಅವಳು ಗಾಬರಿಯಾದಳು. ಆರತಿಯ ನೀರು ಅರಿಶಿನಕ್ಕೆ ಸುಣ್ಣ ಸೇರಿ ಕೆಂಪಾಗುವುದೂ ಹೀಗೆಯೇ ಎಂದು ಅಜ್ಜಿ ಹೇಳಿದರು. ನಾನು ಅರ್ಧ ನಿಂಬೆಹಣ್ಣು ಕೊಟ್ಟೆ. ಹಿಂಡಿದ ಜಾಗದಲ್ಲೆಲ್ಲ ಕಲೆ ಮತ್ತೆ ಹಳದಿಯಾಗುವುದನ್ನು ಕಂಡು ಅವಳು ಸೋಪು, ನಿಂಬೆ, ಮತ್ತೆ ಸೋಪು ಎಂದು ಆಡುತ್ತ ಕುಳಿತಳು, ಆ ದಿನ ಬಟ್ಟೆ ಮಾತ್ರ ಶುದ್ಧವಾಗಲಿಲ್ಲ.