ಗಡಿಯಾರಕ್ಕೆ ಸಿಗದ ಹೊತ್ತನ್ನು ಹಾಳೆ ಸರಿಸಿ ಅಳೆಯುವುದು ಹೇಗೆ?

ನಮ್ಮ ಕುಂಬಳೆ ಕಡೆ ಟಾರ್ಚ್ ಬರುವ ಮೊದಲು, ರಾತ್ರಿ ಗದ್ದೆ ದಾಟುವವರ ಕೈಯಲ್ಲಿ ಒಣ ಮಡಲಿನ ತೂಟೆ ಇರುತ್ತಿತ್ತು. ಅದು ಎಷ್ಟು ನಿಮಿಷ ಉರಿಯಿತು ಅಂತ ಯಾರೂ ಗಡಿಯಾರ ನೋಡುತ್ತಿರಲಿಲ್ಲ. "ತೋಡಿನ ಸಂಕದವರೆಗೆ ಬಂತು" ಅನ್ನುತ್ತಿದ್ದರು, ಅಷ್ಟೇ. ನಡಿಗೆಯ ವೇಗ ಗೊತ್ತಿದ್ದರೆ ದೂರದಿಂದಲೇ ಹೊತ್ತು ತಿಳಿಯುತ್ತದೆ ಅಲ್ವಾ? ಪರಮಾಣುವಿನ ನ್ಯೂಕ್ಲಿಯಸ್ ಅಧ್ಯಯನ ಮಾಡುವವರೂ ಇದೇ ಲೆಕ್ಕ ಹಿಡಿಯುತ್ತಾರೆ.

ನ್ಯೂಕ್ಲಿಯಸ್‌ಗೆ ಡಿಕ್ಕಿಯಲ್ಲಿ ಶಕ್ತಿ ಸಿಕ್ಕಿದರೆ ಅದು ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಆಮೇಲೆ ಗಾಮಾ ಕಿರಣ ಬಿಟ್ಟು ಕೆಳಗಿಳಿಯುತ್ತದೆ. ಮೇಲೆ ಇರುವುದು ಹಲವು ಸಲ ಕೆಲವೇ ಪಿಕೋಸೆಕೆಂಡ್. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು, ಅದೇ ಪಿಕೋಸೆಕೆಂಡ್. ಜರ್ಮೇನಿಯಂ ಡಿಟೆಕ್ಟರ್ ಗಾಮಾದ ಶಕ್ತಿಯನ್ನು ತುಂಬ ನಿಖರವಾಗಿ ಹೇಳುತ್ತದೆ. ಆದರೆ ಇಷ್ಟು ಸಣ್ಣ ಹೊತ್ತು ಅದರ ಗಡಿಯಾರಕ್ಕೆ ಸಿಗುವುದಿಲ್ಲ.

ಮೊದಲ ಹೆಜ್ಜೆ: ಎರಡು ಹಾಳೆ

ಈ ಹೊತ್ತನ್ನು ದೂರದಿಂದ ಅಳೆಯುವ ಉಪಕರಣಕ್ಕೆ ಪ್ಲಂಜರ್ ಅನ್ನುತ್ತಾರೆ. ಮುಂದೆ ತೆಳ್ಳನೆಯ ಗುರಿ ಹಾಳೆ. ಅದರ ಹಿಂದೆ ದಪ್ಪ ಹಾಳೆ, ಹೆಚ್ಚಾಗಿ ಚಿನ್ನದ್ದು. ವೇಗವರ್ಧಕದಿಂದ ಬರುವ ಕಣಗಳು ಗುರಿಗೆ ಬಡಿದಾಗ ಹೊಸ ನ್ಯೂಕ್ಲಿಯಸ್ ಹುಟ್ಟಿ, ಹಾರಿ ಹೋಗಿ ದಪ್ಪ ಹಾಳೆಯಲ್ಲಿ ನಿಲ್ಲುತ್ತದೆ.

ನನಗೆ ಇಡೀ ಪ್ರಯೋಗದಲ್ಲಿ ಹೆಚ್ಚು ಇಷ್ಟವಾಗುವುದು ಈ ಹಾಳೆ ಬಿಗಿಯುವ ಕೆಲಸ. ಚೆಂಡೆಗೆ ಚರ್ಮ ಎಳೆದು ಕಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಕಡೆ ಸ್ವಲ್ಪ ಸಡಿಲವಿದ್ದರೂ ನಾದ ಕೆಡುತ್ತದೆ. ಇಲ್ಲಿಯೂ ಹಾಳೆಯಲ್ಲಿ ಒಂದು ಸುಕ್ಕು ಇರಬಾರದು, ಎರಡೂ ಹಾಳೆ ಸಮಾನಾಂತರವಾಗಿ ನಿಲ್ಲಬೇಕು. ನಡುವಿನ ಅಂತರ ಕೆಲವೇ ಮೈಕ್ರಾನ್‌ವರೆಗೂ ಇಳಿಯುತ್ತದೆ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ. ಹಾಗಾಗಿ ಸ್ಕೇಲ್ ಇಟ್ಟು ಅಳೆಯುವ ಮಾತೇ ಇಲ್ಲ. ಎರಡು ಹಾಳೆ ಸೇರಿ ವಿದ್ಯುತ್ ಚಾರ್ಜ್ ಹಿಡಿದಿಡುವ ಒಂದು ಕೆಪಾಸಿಟರ್ ಆಗುತ್ತದೆ. ಅಂತರ ಬದಲಾದರೆ ಹಿಡಿದಿಡುವ ಸಾಮರ್ಥ್ಯ, ಅಂದರೆ ಕೆಪಾಸಿಟೆನ್ಸ್, ಬದಲಾಗುತ್ತದೆ. ಅದನ್ನು ನೋಡುತ್ತಲೇ ಹಾಳೆಯನ್ನು ಸರಿಯಾದ ಜಾಗಕ್ಕೆ ತರುತ್ತಾರೆ.

ಎರಡನೆಯದು: ಹಾರ್ನ್ ಕೇಳುವುದು

ಪ್ಲಾಟ್‌ಫಾರ್ಮಿನಲ್ಲಿ ನಿಂತು, ನಿಲ್ಲದೆ ಹೋಗುವ ರೈಲಿನ ಹಾರ್ನ್ ಕೇಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೆ ಬರುವಾಗ ಸ್ವರ ಸುಮಾರು 9 ಶೇಕಡಾ ಏರಿರುತ್ತದೆ, ದಾಟಿದ ಕೂಡಲೇ ಇಳಿಯುತ್ತದೆ. ಗಾಮಾ ಕಿರಣಕ್ಕೂ ಹೀಗೆಯೇ. ಬೆಳಕಿನ 3 ಶೇಕಡಾ ವೇಗದಲ್ಲಿ ಹಾರುವ ನ್ಯೂಕ್ಲಿಯಸ್ 1000 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಬಿಟ್ಟರೆ, ನೇರ ಮುಂದಿರುವ ಡಿಟೆಕ್ಟರಿಗೆ ಅದು 1030 ಆಗಿ ಕಾಣುತ್ತದೆ. ದಪ್ಪ ಹಾಳೆಯಲ್ಲಿ ನಿಂತ ಮೇಲೆ ಬಿಟ್ಟರೆ 1000 ಮಾತ್ರ. ಅಂದರೆ ಯಾವ ಶಕ್ತಿಗೆ ಎಷ್ಟು ಎಣಿಕೆ ಅಂತ ತೋರಿಸುವ ನಕ್ಷೆಯಲ್ಲಿ ಒಂದೇ ಗಾಮಾಕ್ಕೆ ಎರಡು ಶಿಖರ. ಹಾದಿಯಲ್ಲಿ ಆರಿದ ತೂಟೆ ಯಾವುದು, ಸಂಕ ಮುಟ್ಟಿದ್ದು ಯಾವುದು ಅಂತ ಬೇರೆ ಬೇರೆ ಎಣಿಸಬಹುದು.

ಮೂರನೆಯದು: ಅಂತರ ಬದಲಿಸಿ ಎಣಿಸುವುದು

ಈ ವೇಗದಲ್ಲಿ ನ್ಯೂಕ್ಲಿಯಸ್ ಒಂದು ಪಿಕೋಸೆಕೆಂಡಿಗೆ 9 ಮೈಕ್ರಾನ್ ಓಡುತ್ತದೆ. ಅಂತರ 30 ಮೈಕ್ರಾನ್ ಇದ್ದಾಗ ನಿಂತವುಗಳ ಶಿಖರದಲ್ಲಿ 72 ಶೇಕಡಾ, 90ಕ್ಕೆ 37, 180ಕ್ಕೆ 14 ಸಿಕ್ಕಿತು ಅಂತ ಇಟ್ಟುಕೊಳ್ಳಿ. ಸರಾಸರಿ ಆಯುಸ್ಸಿನಷ್ಟು ಹೊತ್ತು ಕಳೆದಾಗ ಉಳಿಯುವುದು 37 ಶೇಕಡಾ. ಹಾಗಾದರೆ 90ನ್ನು 9ರಿಂದ ಭಾಗಿಸಿ. ಆಯುಸ್ಸು 10 ಪಿಕೋಸೆಕೆಂಡ್.

ಇಲ್ಲಿ ಒಂದು ಎಚ್ಚರ ಬೇಕು. ನಮಗೆ ಬೇಕಾದ ಸ್ಥಿತಿಗೆ ನ್ಯೂಕ್ಲಿಯಸ್ ಮೇಲಿನ ಇನ್ನೊಂದು ಸ್ಥಿತಿಯಿಂದ ತಡವಾಗಿ ಇಳಿದು ಬಂದಿರಬಹುದು. ಆ ತಡವೂ ಲೆಕ್ಕಕ್ಕೆ ಸೇರಿ ಆಯುಸ್ಸು ಜಾಸ್ತಿ ಕಾಣುತ್ತದೆ. ಅದಕ್ಕೆ ಮೇಲಿನಿಂದ ಇಳಿಯುವಾಗ ಬಂದ ಗಾಮಾವನ್ನೂ ಜೊತೆಯಲ್ಲೇ ಹಿಡಿದು, ಅಂಥ ಜೋಡಿಗಳನ್ನು ಮಾತ್ರ ಎಣಿಸುವುದು ಒಳ್ಳೆಯದು. ಎಣಿಕೆ ಕಡಿಮೆಯಾಗುತ್ತದೆ, ಆದರೆ ಉತ್ತರ ನಂಬಬಹುದು.

ಆಯುಸ್ಸಿನಿಂದ ಆಕಾರಕ್ಕೆ

ಗಾಮಾದ ಶಕ್ತಿ ಅಷ್ಟೇ ಇದ್ದು ಆಯುಸ್ಸು ಕಡಿಮೆಯಾದರೆ, ನ್ಯೂಕ್ಲಿಯಸ್ ಉರುಟಾಗಿರದೆ ಎಳೆದ ಹಾಗೆ ಉದ್ದವಾಗಿರುವ ಸಾಧ್ಯತೆ ಹೆಚ್ಚು. ಆದರೆ ಶಕ್ತಿಯನ್ನು ಮರೆಯಬಾರದು. ಹೀಗೆ ಆಕಾರ ತಿಳಿಸುವ ಬಗೆಯ ಇಳಿತದಲ್ಲಿ (ಇದಕ್ಕೆ E2 ಅನ್ನುತ್ತಾರೆ) ಶಕ್ತಿ ಎರಡು ಪಟ್ಟಾದರೆ ಆಯುಸ್ಸು 32ರಲ್ಲಿ ಒಂದು ಪಾಲಾಗುತ್ತದೆ, ಆಕಾರ ಬದಲಾಗದಿದ್ದರೂ.

20 ನ್ಯೂಟ್ರಾನ್ ಇದ್ದರೆ ಕವಚ (ಅವು ಕೂರುವ ಪದರ) ತುಂಬುತ್ತದೆ, ನ್ಯೂಕ್ಲಿಯಸ್ ಉರುಟಾಗಿರುತ್ತದೆ ಅಂತ ಓದಿದ್ದೇವೆ. 14 ಪ್ರೋಟಾನಿನ ಸಿಲಿಕಾನ್-34 ಹಾಗೆಯೇ ಇದೆ. ಅದನ್ನು ಇಂಥ ಗಾಮಾ ಬಿಡುವ ಮೊದಲ ಮೆಟ್ಟಿಲಿಗೆ ಏರಿಸಲು ಸುಮಾರು 3300 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೇಕು. ಎರಡು ಪ್ರೋಟಾನ್ ಕಡಿಮೆಯಾದ ಮೆಗ್ನೀಸಿಯಂ-32ಕ್ಕೆ 885 ಸಾಕು! ಇಷ್ಟು ಸುಲಭವಾಗಿ ಏರುವುದು ಎಳೆದ ಹಾಗೆ ಉದ್ದವಾಗಿರುವುದರ ಗುರುತು. ನ್ಯೂಟ್ರಾನ್ ಅಷ್ಟೇ ಇದೆ, ಆಕಾರ ಮಾತ್ರ ಬೇರೆ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ನಡೆದ ಪ್ರಯೋಗ 1995ರಲ್ಲಿ ಇದನ್ನು ಇನ್ನೊಂದು ದಾರಿಯಿಂದ ಗಟ್ಟಿ ಮಾಡಿತು. ಮೆಗ್ನೀಸಿಯಂ-32ನ್ನು ಭಾರವಾದ ಸೀಸದ ನ್ಯೂಕ್ಲಿಯಸ್ ಪಕ್ಕದಲ್ಲಿ ಹಾಯಿಸಿ, ಅದು ಎಷ್ಟು ಸುಲಭವಾಗಿ ಮೇಲೇರುತ್ತದೆ ಅಂತ ನೋಡಿದರು.

ಇಂಥ ನ್ಯೂಟ್ರಾನ್ ಜಾಸ್ತಿ ಇರುವ ನ್ಯೂಕ್ಲಿಯಸ್‌ಗಳು ಹಲವು ಪ್ರಯೋಗಗಳಲ್ಲಿ ಬೆಳಕಿನ 30 ಶೇಕಡಾದಷ್ಟು ವೇಗದಲ್ಲಿ ಬರುತ್ತವೆ. ಆಗ ನಿಲ್ಲಿಸುವ ಹಾಳೆಯ ಬದಲು ನಿಧಾನ ಮಾಡುವ ಹಾಳೆ ಇಡುತ್ತಾರೆ. ಎರಡು ಶಿಖರ ಆಗಲೂ ಇರುತ್ತವೆ, ಎರಡೂ ಸರಿದಿರುತ್ತವೆ. ಪಿಕೋಸೆಕೆಂಡಿಗೆ 90 ಮೈಕ್ರಾನ್ ಓಡುವುದರಿಂದ ಹಾಳೆಗಳ ಅಂತರವೂ ದೊಡ್ಡದು.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಮಂಗಳಗಂಗೋತ್ರಿಯಲ್ಲೋ ಎಂಎಸ್ಸಿ ಫಿಸಿಕ್ಸ್ ಓದುತ್ತಿರುವ ನಮ್ಮ ಮಕ್ಕಳು ಇಂಗಾ ಎಂಬ ಹೆಸರು ಗುರುತಿಟ್ಟುಕೊಳ್ಳಲಿ. ಅದು ದೇಶದ ಜರ್ಮೇನಿಯಂ ಡಿಟೆಕ್ಟರುಗಳ ಕೂಟ. ದಿಲ್ಲಿ, ಮುಂಬೈ, ಕೋಲ್ಕತ್ತಾಗಳ ವೇಗವರ್ಧಕಗಳ ನಡುವೆ, ನಮ್ಮ ಯಕ್ಷಗಾನ ಮೇಳ ತಿರುಗಿದ ಹಾಗೆ, ಜಾಗ ಬದಲಿಸುತ್ತಾ ಬಂದಿದೆ.