ಪೆಸಾಖ್ ಊಟಕ್ಕೆ ಮತ್ಬೂಖಾ: ಒಗ್ಗರಣೆ ಬೇಡದ ಟೊಮೆಟೊ ಗೊಜ್ಜು

ಒಂದು ಕಿಲೋ ಟೊಮೆಟೊ, ಮೂರು ಕೆಂಪು ದೊಣ್ಣೆ ಮೆಣಸಿನಕಾಯಿ ಬಾಣಲೆಗೆ ಹಾಕಿದರೆ ಕೊನೆಗೆ ಉಳಿಯುವುದು ಎರಡು ಬಟ್ಟಲಿನಷ್ಟು. ಮೊರಾಕ್ಕೊದ ಯಹೂದಿಗಳ ಮತ್ಬೂಖಾ ಇದೇ. ಅರಬ್ಬಿಯಲ್ಲಿ ಈ ಹೆಸರಿಗೆ ‘ಬೇಯಿಸಿದ್ದು’ ಅಂತ ಅರ್ಥ. 1950–60ರ ದಶಕಗಳಲ್ಲಿ ಮೊರಾಕ್ಕೊ ಬಿಟ್ಟು ಇಸ್ರೇಲಿಗೆ ಹೋದ ಕುಟುಂಬಗಳ ಜೊತೆ ಇದೂ ಹೋಯಿತು.

ಪೆಸಾಖ್ ಹಬ್ಬಕ್ಕಂತೂ ಇದು ಹೇಳಿ ಮಾಡಿಸಿದಂತಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ ಅದು. ಇಸ್ರೇಲಿನಲ್ಲಿ 7 ದಿನ, ಹೊರಗೆ ಹೆಚ್ಚಿನ ಕಡೆ 8 ದಿನ. ಅಷ್ಟೂ ದಿನ ಗೋಧಿ, ಬಾರ್ಲಿ, ಓಟ್ಸ್‌ನಂಥ ಧಾನ್ಯದಿಂದ ಮಾಡಿದ, ಹುದುಗು ಬಂದ ಯಾವುದೂ ಮನೆಯಲ್ಲಿ ಇರಬಾರದು. ಹಿಟ್ಟಿಗೆ ನೀರು ಬಿದ್ದು 18 ನಿಮಿಷದೊಳಗೆ ಸುಟ್ಟು ತೆಗೆದ ಗರಿಗರಿ ಮಟ್ಸಾವೇ ಆಗ ರೊಟ್ಟಿ. ಯುರೋಪ್ ಮೂಲದ ಅಶ್ಕೆನಾಜಿ ಮನೆಗಳಲ್ಲಿ ಅಕ್ಕಿ, ಬೇಳೆಕಾಳು, ಎಳ್ಳನ್ನೂ ಬಿಡುವ ರೂಢಿಯಿದೆ. ಅಂದರೆ ಕಡಲೆಯ ಹಮ್ಮಸ್ ಇಲ್ಲ, ಎಳ್ಳಿನ ತಹೀನಿ ಇಲ್ಲ. ಒಣ ಮಟ್ಸಾಕ್ಕೆ ನೆಂಚಿಕೊಳ್ಳಲು ಏನಾದರೂ ಬೇಕಲ್ವಾ?

ಮೊದಲು ದೊಣ್ಣೆ ಮೆಣಸಿನಕಾಯಿ. ನೇರ ಗ್ಯಾಸ್ ಉರಿಯ ಮೇಲಿಟ್ಟು, ತಿರುಗಿಸುತ್ತಾ, ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಸುಡಿ. ನಾವು ಗೊಜ್ಜಿಗೆ ಬದನೆಕಾಯಿ ಸುಡುವ ಹಾಗೇ. ಪಾತ್ರೆಗೆ ಹಾಕಿ 15 ನಿಮಿಷ ಮುಚ್ಚಿಡಿ. ಆಮೇಲೆ ಸಿಪ್ಪೆ ಬೆರಳಲ್ಲೇ ಜಾರಿ ಬರುತ್ತದೆ. ದಯವಿಟ್ಟು ನಲ್ಲಿ ಕೆಳಗೆ ತೊಳೆಯಬೇಡಿ, ಸುಟ್ಟ ಘಮವೆಲ್ಲ ನೀರಿನ ಜೊತೆ ಹೋಗುತ್ತದೆ. ಅಲ್ಲಲ್ಲಿ ಕಪ್ಪು ಚೂರು ಉಳಿದರೆ ಉಳಿಯಲಿ. ಬೀಜ ತೆಗೆದು ಉದ್ದಕ್ಕೆ ಹೆಚ್ಚಿ.

ಚೆನ್ನಾಗಿ ಹಣ್ಣಾದ ಟೊಮೆಟೊ ಬಿಸಿನೀರಲ್ಲಿ ಒಂದು ನಿಮಿಷ ಮುಳುಗಿಸಿ, ಸಿಪ್ಪೆ ಸುಲಿದು ಹೆಚ್ಚಿಕೊಳ್ಳಿ. ಅಗಲ ಬಾಣಲೆಯಲ್ಲಿ 5 ದೊಡ್ಡ ಚಮಚ ಆಲಿವ್ ಎಣ್ಣೆ ಕಾಯಿಸಿ, 6 ಎಸಳು ಬೆಳ್ಳುಳ್ಳಿ, 2 ಹಸಿಮೆಣಸಿನಕಾಯಿ ಬಾಡಿಸಿ. ಟೊಮೆಟೊ, ಒಂದು ಚಮಚ ಉಪ್ಪು ಹಾಕಿ. ಮುಚ್ಚಳ ಬೇಡ, ಉರಿ ಸಣ್ಣಗಿರಲಿ.

ಅರ್ಧ ಗಂಟೆ ಸುಮ್ನೆ ಬಿಡಿ. ಬರೀ ನೀರೇ ಕಾಣುತ್ತದೆ, ಗಾಬರಿಯಾಗಬೇಡಿ. ಆಮೇಲೆ ಸುಟ್ಟ ಮೆಣಸಿನಕಾಯಿ, ಒಂದು ಚಮಚ ಪ್ಯಾಪ್ರಿಕಾ ಪುಡಿ ಸೇರಿಸಿ. ಪ್ಯಾಪ್ರಿಕಾ ಸಿಗದಿದ್ದರೆ ಬ್ಯಾಡಗಿ ಪುಡಿಯೂ ಅಂಥದ್ದೇ ಬಣ್ಣ ಕೊಡುತ್ತದೆ. ಇನ್ನೂ ಒಂದು ಗಂಟೆ, ಒಂದೂವರೆ ಗಂಟೆ ಬೇಯಬೇಕು. ಕೊನೆಯ ಅರ್ಧ ಗಂಟೆ ಒಲೆ ಬಿಟ್ಟು ಹೋಗಬೇಡಿ. ಒಮ್ಮೆ ನಾನು ಅವಸರಕ್ಕೆ ಉರಿ ಜಾಸ್ತಿ ಮಾಡಿ, ತಳ ಹಿಡಿದು, ಇಡೀ ಬಾಣಲೆ ಕಹಿಯಾಗಿತ್ತು. ಚಮಚದಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಆ ಗೆರೆ ತಕ್ಷಣ ಮುಚ್ಚಿಕೊಳ್ಳಬಾರದು. ಅಂಚಿನಲ್ಲಿ ಕೆಂಪು ಎಣ್ಣೆ ಬಿಟ್ಟಿರಬೇಕು. ಆಗ ಇಳಿಸಿ. ಹುಳಿ ಮುಂದಾದರೆ ಚಿಟಿಕೆ ಸಕ್ಕರೆ ಸಾಕು.

ಈ ಹೊತ್ತಿಗೆ ನಮ್ಮ ಕೈ ತಾನಾಗಿ ಒಗ್ಗರಣೆ ಡಬ್ಬಿಯ ಕಡೆ ಹೋಗುತ್ತದೆ. ಹಬ್ಬದ ಊಟಕ್ಕಾದರೆ ಬೇಡ. ಸಾಸಿವೆ, ಉದ್ದಿನಬೇಳೆ ಅಶ್ಕೆನಾಜಿಗಳು ಬಿಡುವ ಪಟ್ಟಿಯಲ್ಲೇ ಇವೆ. ಅಂಗಡಿಯ ಇಂಗಿನ ಪುಡಿಗೆ ಎಷ್ಟೋ ಸಲ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ, ಪೆಸಾಖ್‌ನಲ್ಲಿ ಅದು ಯಾರಿಗೂ ಸಲ್ಲದು. ಬೆಣ್ಣೆ, ತುಪ್ಪವೂ ಬೇಡ. ಹಾಲಿನ ಪದಾರ್ಥವನ್ನು ಮಾಂಸದ ಜೊತೆ ತಿನ್ನುವಂತಿಲ್ಲ, ಹಬ್ಬದ ಊಟದಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ.

ಹೊರದೇಶದಲ್ಲಿರುವ ನಮ್ಮವರಿಗೆ ಸ್ನೇಹಿತರ ಮನೆಯ ಸೇದರ್‌ಗೆ, ಅಂದರೆ ಹಬ್ಬದ ಮೊದಲ ರಾತ್ರಿಯ ಊಟಕ್ಕೆ, ಕರೆ ಬಂದರೆ ಇದನ್ನು ಮನೆಯಿಂದ ಮಾಡಿಕೊಂಡು ಹೋಗಬೇಡಿ. ಹಬ್ಬ ಆಚರಿಸುವವರು ಅದಕ್ಕೆಂದೇ ಬೇರೆ ಪಾತ್ರೆ ಇಟ್ಟಿರುತ್ತಾರೆ. ಹಿಂದಿನ ದಿನ ಅವರನ್ನು ಕೇಳಿ, ತಾಜಾ ಟೊಮೆಟೊ ಹಿಡಿದು ಅವರ ಅಡುಗೆಮನೆಗೇ ಹೋಗಿ. ಎಣ್ಣೆ, ಪುಡಿ ಅವರದ್ದೇ ಬಳಸಿ. ರಾತ್ರಿಯೆಲ್ಲ ಫ್ರಿಜ್‌ನಲ್ಲಿದ್ದ ಮತ್ಬೂಖಾ ಮಾರನೆಯ ದಿನ ಇನ್ನೂ ರುಚಿ. ಬಿಸಿ ಮಾಡದೆ ಹಾಗೇ ಬಡಿಸಿ.